ಆಕಾಶದ ಮೈಲಿ

ಬಾಗಿಲು ಜಗ್ಗಲಿಲ್ಲ. ಗುನ್ವೋರ್ ಎರಡು ಸಲ ಎಳೆದಳು, ಮೂರನೆಯ ಸಲ ಒದ್ದಳು. ಒಳಗೆ ಜನರಿದ್ದರು, ಕಾಫಿಯ ವಾಸನೆ ಸಂದಿಯಿಂದ ಹೊರಗೆ ಬರುತ್ತಿತ್ತು.

"ಹೆದರ್ಕೊಂಡು ಅಗಳಿ ಹಾಕ್ಕೊಂಡಿದಾರೆ, ನೋಡು."

ಹಿಂದೆ ನಿಂತಿದ್ದ ಗಂಡ ಹಾಲ್ವಾರ್ ಕೈಚಾಚಿ ಹಿಡಿಯನ್ನು ತುಸು ಮೇಲಕ್ಕೆತ್ತಿದ, ಮೊಣಕಾಲಿನಿಂದ ಮೆಲ್ಲಗೆ ನೂಕಿದ. ತೆರೆಯಿತು.

"ನಾಳೆ ಬರೋಣ, ಗುನ್ವೋರ್," ಎಂದ. ಕಾರಿನಲ್ಲೂ ಅದನ್ನೇ ಹೇಳಿದ್ದ.

"ನಿಂಗೇನು, ನೀನು ಮೀನು ಹಿಡೀತಾ ಕೂತಿದ್ದೆ."

ಅವಳ ಸಿಟ್ಟಿನಲ್ಲಿ ಅದಕ್ಕೂ ಒಂದು ಪಾಲಿತ್ತು. ಮಂಗಳವಾರ ಬಂತೆಂದರೆ ಹಾಲ್ವಾರ್ ಸರೋವರಕ್ಕೆ ಹೊರಟುಬಿಡುತ್ತಿದ್ದ. ಎಷ್ಟೋ ವರ್ಷಗಳಿಂದ ಹಾಗೆಯೇ. ಮನೆಗೆ ಮೀನು ಬಂದದ್ದು ಕಡಿಮೆ. ಕಾಡಿನ ಬೆಂಕಿ ಗುಡ್ಡ ಇಳಿದದ್ದೂ ಮಂಗಳವಾರವೇ.

ವಿಮಾನ ಕ್ಲಬ್ಬಿನ ಆ ಒಂದೇ ಕೋಣೆಯಲ್ಲಿ ಇಬ್ಬರಿದ್ದರು. ಅಧ್ಯಕ್ಷ ಟೋರ್ಕೆಲ್, ದಪ್ಪ ಕತ್ತಿನ ಮುದುಕ. ಮೂಲೆಯಲ್ಲಿ ಟೋವಾ ಎಂಬ ಹುಡುಗಿ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಗೋಡೆಯ ಮೇಲೆ ಗುನ್ವೋರಳವೇ ಹನ್ನೊಂದು ಕಾಗದಗಳು ಸಾಲಾಗಿ ನೇತಾಡುತ್ತಿದ್ದವು: ಈ ತಗಡಿನ ಡಬ್ಬಿಗಳ ಗದ್ದಲಕ್ಕೆ ತನ್ನ ಆಡುಗಳ ಹಾಲು ಬತ್ತುತ್ತಿದೆ, ಕ್ಲಬ್ಬನ್ನು ಮುಚ್ಚಿಸಿ ಎಂದು ಊರಾಡಳಿತಕ್ಕೆ ಬರೆದವು, ಅಲ್ಲಿಂದ ಇಲ್ಲಿಗೆ ಬಂದವು.

"ಕೂತ್ಕೋ. ಕಾಫಿಗೆ ಹಾಲು ಹಾಕ್ಲಾ?" ಎಂದ ಟೋರ್ಕೆಲ್. ಹಾಲ್ವಾರನ ಮುಂದೆ ಆಗಲೇ ಕರಿಕಾಫಿ ಇಟ್ಟಾಗಿತ್ತು.

"ಕುಡಿಯೋಕೆ ಬಂದಿಲ್ಲ. ಹೆಸರು ಬೇಕು."

ಬೆಂಕಿಯ ಸುತ್ತ ಅಂದು ಆಕಾಶವನ್ನೇ ಮುಚ್ಚಿದ್ದರು. ನೀರು ಸುರಿಯುವ ಎರಡು ಹಳದಿ ವಿಮಾನಗಳ ಹೊರತು ಬೇರೆ ಯಾರೂ ಆ ಗಡಿ ದಾಟುವಂತಿರಲಿಲ್ಲ. ಆದರೂ ಕ್ಲಬ್ಬಿನ ಬಿಳಿ ವಿಮಾನವೊಂದು ಹೊಗೆ ಸೀಳಿಕೊಂಡು ಬಂತು. ಡಿಕ್ಕಿಯ ಭಯಕ್ಕೆ ಹಳದಿ ವಿಮಾನಗಳು ಹೊಟ್ಟೆ ತುಂಬ ನೀರು ಹೊತ್ತುಕೊಂಡೇ ಹಿಂದಿರುಗಿದವು. ಮತ್ತೆ ಬರಲು ಇಪ್ಪತ್ತು ನಿಮಿಷ. ಬೆಂಕಿ ಅಜ್ಜಿಕಥೆಯ ಹಸಿದ ರಕ್ಕಸಿಯಂತೆ. ಎಲೆ ಹಾಕುವ ತನಕ ಕಾಯಲಿಲ್ಲ. ಗುನ್ವೋರಳ ಬೇಸಿಗೆ ಹಟ್ಟಿ, ಚೀಸ್ ಕಾಯಿಸುವ ಗುಡಿಸಲು, ಏಳು ಆಡು, ಎಲ್ಲವನ್ನೂ ಬಾಚಿಕೊಂಡಿತು.

"ನನ್ನ ತಲೆ ಮೇಲೆ ಎರಡು ಸುತ್ತು ಹಾಕ್ತು," ಎಂದಳು ಗುನ್ವೋರ್. "ನಾನು ಆಡುಗಳ ಕೊರಳು ಹಿಡಿದು ಎಳೀತಿದ್ದೆ. ಅದು ರೆಕ್ಕೆ ಅಲ್ಲಾಡಿಸಿ ನನ್ನ ಅಣಕಿಸ್ತು. ಉರಿಯೋ ಮನೇಲಿ ಗಳ ಹಿರಿಯೋರಿಗೂ ಇಷ್ಟು ಕೊಬ್ಬಿರಲ್ಲ."

"ಅಣಕ ಅಲ್ಲ ಅದು. ರೆಕ್ಕೆ ಅಲ್ಲಾಡಿಸೋದು ಅಂದ್ರೆ 'ನಿನ್ನನ್ನ ನೋಡಿದೆ' ಅಂತ," ಎಂದ ಟೋರ್ಕೆಲ್.

"ನೋಡಿ ಏನು ಉದ್ಧಾರ ಆಯ್ತು?"

ಟೋರ್ಕೆಲ್ ನಿಟ್ಟುಸಿರಿಟ್ಟ. "ತಪ್ಪಾಗಿದ್ದು ಒಂದೇ ಒಂದು ಪದದಲ್ಲಿ. 'ಗಡಿ ಒಂದು ಮೈಲಿ ಮುಂದಿದೆ' ಅಂತ ರೇಡಿಯೋದಲ್ಲಿ ಹೋಯ್ತು. ಆಕಾಶದ ಮೈಲಿ ಎರಡು ಕಿಲೋಮೀಟರೂ ಇಲ್ಲ. ಆದ್ರೆ ಸ್ವೀಡನ್ನಲ್ಲಿ ಹುಟ್ಟಿದೋರಿಗೆ ಮೈಲಿ ಅಂದ್ರೆ ಹತ್ತು ಕಿಲೋಮೀಟರು. ನಿಂಗೂ ಅಷ್ಟೇ, ನಂಗೂ ಅಷ್ಟೇ. ನಿನ್ನ ಹಟ್ಟಿ ಇನ್ನೂ ಗಡಿ ಈಚೆಗೇ ಇದೆ ಅಂದ್ಕೊಂಡು ಬಂದ್ರು."

"ಅಂದ್ಕೊಂಡ್ರಂತೆ. ನನ್ನ ಆಡುಗಳೂ ಏನೇನೋ ಅಂದ್ಕೊಂಡಿದ್ವು."

"ಇಳಿದ ತಕ್ಷಣ ವಿಮಾನ ಇಲಾಖೆಗೆ ತಾವಾಗೇ ತಪ್ಪು ಒಪ್ಕೊಂಡು ಬರೆದು ಕೊಟ್ಟಿದಾರೆ, ಗುನ್ವೋರ್."

"ಇಲಾಖೆ ಕಾಗದ ತಿಂದು ತೇಗುತ್ತೆ. ನಂಗೆ ಪೊಲೀಸ್ ಬೇಕು. ಈ ಮನುಷ್ಯಜೀವ ಇನ್ನು ಗಾಳಿಪಟಾನೂ ಹಾರಿಸಬಾರದು."

ಅವಳು ದೂರಿನ ಹಾಳೆಯನ್ನು ಮೇಜಿಗೆ ಬಡಿದಳು. ಎಲ್ಲವನ್ನೂ ತುಂಬಿಸಿ ತಂದಿದ್ದಳು. ಹೆಸರಿನ ಜಾಗವೊಂದೇ ಖಾಲಿ.

"ಹೆಸರು ಹೇಳೋದು ಹಾರಿಸಿದವರ ಕೆಲಸ, ನನ್ನದಲ್ಲ," ಎಂದ ಟೋರ್ಕೆಲ್, ತನ್ನ ಲೋಟವನ್ನೇ ನೋಡುತ್ತ.

ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಹೊರಗೆ ಗಾಳಿಯ ದಿಕ್ಕು ತೋರುವ ಚೀಲ ಪಟಪಟ ಬಡಿದುಕೊಳ್ಳುತ್ತಿತ್ತು.

"ನನ್ನಿಂದ ಆಗಿದ್ದು," ಎಂದಳು ಟೋವಾ. "ಅವತ್ತು ಡ್ಯೂಟಿ ನಂದು."

"ಸುಮ್ನಿರು, ಮಗು," ಎಂದ ಟೋರ್ಕೆಲ್.

"ಇಲ್ಲ. ನಾನು ಸ್ವಲ್ಪ ಯೋಚನೆ ಮಾಡಿದ್ದಿದ್ರೆ ಆ ಆಡುಗಳು ಬದುಕ್ತಿದ್ವು."

ಗುನ್ವೋರ್ ಅವಳತ್ತ ತಿರುಗಿದಳು. ನಾಲ್ಕು ದಿನಗಳಿಂದ ಒಂದು ಮುಖಕ್ಕಾಗಿ ಹುಡುಕುತ್ತಿದ್ದ ಸಿಟ್ಟಿಗೆ ಈಗ ಮುಖ ಸಿಕ್ಕಿತ್ತು.

"ಓ, ನೀನಾ ಮಹಾರಾಣಿ. ಹಾಲುಹಲ್ಲು ಬಿದ್ದಿಲ್ಲ, ಆಕಾಶ ಬೇಕಾಗಿತ್ತು. ಪೂರ್ತಿ ಹೆಸರು ಹೇಳು."

"ಟೋವಾ ಬಾಕ್ಲುಂಡ್."

"ಗುನ್ವೋರ್, ಕೇಳು," ಎಂದ ಟೋರ್ಕೆಲ್. "ಮುಂದಿನ ತಿಂಗಳು ಈ ಹುಡುಗಿ ಆಂಬುಲೆನ್ಸ್ ವಿಮಾನದ ಕೆಲಸಕ್ಕೆ ಸೇರಬೇಕು. ಪೊಲೀಸ್ ದೂರಲ್ಲಿ ಹೆಸರು ಬಿತ್ತೋ, ಅಲ್ಲಿಗೆ ಮುಗೀತು."

"ಮುಗೀಲಿ. ನಂದೂ ಮುಗಿದಿದೆ."

ಅವಳು ಬರೆದಳು. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಎರಡು ಕಡೆ ತೂತಾಯಿತು.

ಗುನ್ವೋರ್ ಹಾಳೆಯನ್ನು ಗಂಡನ ಮುಂದಕ್ಕೆ ತಳ್ಳಿದಳು. ಹಾಲ್ವಾರ್ ಕಾಫಿ ಮುಟ್ಟಿರಲಿಲ್ಲ.

"ಸಾಕ್ಷಿ ಅಂತ ಕೆಳಗೆ ಸಹಿ ಹಾಕು. ಹನ್ನೊಂದು ಕಾಗದ ಬರೆದೆ, ಒಂದಕ್ಕೂ ಹಾಕಲಿಲ್ಲ ನೀನು. ಇವತ್ತಾದ್ರೂ ಹೆಂಡತಿ ಕಡೆ ನಿಂತ್ಕೋ."

ಹಾಲ್ವಾರ್ ಪೆನ್ನು ತೆಗೆದುಕೊಂಡ. ಟೋವಾಳ ಹೆಸರಿನ ಮೇಲೆ ಒಂದು ಗೆರೆ ಎಳೆದ. ಅದು ಸಾಲದೆಂಬಂತೆ ಇನ್ನೊಂದು.

"ಏನ್ ಮಾಡ್ತಿದೀಯ?" ಎಂದಳು ಗುನ್ವೋರ್.

"ರೇಡಿಯೋ ಮುಂದೆ ಕೂತಿದ್ದ ಈ ಹುಡುಗಿ 'ಒಂದು ಮೈಲಿ' ಅಂದ್ಲು, ಅಷ್ಟೇ," ಎಂದ ಹಾಲ್ವಾರ್. "ಯಾವ ಮೈಲಿ ಅಂತ ನಾನು ಮೇಲಿಂದ ಕೇಳಬೇಕಿತ್ತು."