ಅವ್ವನ ಸಲ್ಲೇಖನ

ಅವ್ವನ ಗದ್ದದ ಮೇಲೆ ಗಂಜಿ ಒಣಗಿತ್ತು.

ಭೂಪಾಲ ಹೆಂಡತಿಯನ್ನು ಹಿತ್ತಲಿಗೆ ಕರೆದ. "ಯಾರು ಕುಡಿಸ್ಯಾರ?"

"ನನಗ ಗೊತ್ತಿಲ್ರಿ," ಎಂದಳು ತಾರಾಬಾಯಿ.

"ಸುಳ್ಳ ಹೇಳಬ್ಯಾಡ. ಅವ್ವ ಸಾಯೂತನಕ ಅನ್ನ ಬಿಟ್ಟು ಸಲ್ಲೇಖನ ಹಿಡಿದಾಳ. ಆಕಿ ವ್ರತ ಕೆಡಿಸಿ ಯಾವ ನರಕಕ್ಕ ಹೋಗ್ತಿ?"

"ಅತ್ತಿಯವರಿಗೆ ನಾ ವೈರಿ ಏನ್ರಿ?"

ಅವನು ಅಡುಗೆಮನೆಗೆ ಬೀಗ ಜಡಿದ. ಅವ್ವನಿಗೆ ನೀರು ಮಾತ್ರ.

೧೯೮೭ರ ಚಳಿಗಾಲ. ಎಪ್ಪತ್ತೆರಡು ವರ್ಷದ ಅವ್ವ, ಲಕ್ಷ್ಮಿಬಾಯಿ, ಒಂದು ಚತುರ್ದಶಿಯ ಉಪವಾಸವನ್ನೂ ತಪ್ಪಿಸಿದವಳಲ್ಲ. ತಿಂಗಳಿಂದ ತಲೆನೋವು, ಕೂದಲಿಗೆ ಬಾಚಣಿಗೆ ಸೋಕಿಸಗೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಎರಡು ತುತ್ತು ತಿಂದು ರೊಟ್ಟಿಯ ತಾಟು ಸರಿಸಿದಳು. ಮರುದಿನವೂ ಸರಿಸಿದಳು. ಮೂರನೆಯ ದಿನ ಮಾತು ನಿಂತಿತು.

"ಸಿಂಗಾರ ಬಿಟ್ಟಳು, ಅನ್ನ ಬಿಟ್ಟಳು, ಮಾತೂ ಬಿಟ್ಟಳು. ಮೋಹ ಹರೀತು ನೋಡ್ರಿ," ಎಂದಿತು ಕಾಗವಾಡದ ಓಣಿ. ಸುತ್ತಲ ಊರುಗಳ ಜನ ಬಂದು ಪಾದ ಮುಟ್ಟಿದರು. ಅವಳು ಒಬ್ಬೊಬ್ಬರಿಗೂ ಕೈಮುಗಿದು ಅತ್ತಳು.

"ಎಲ್ಲಾರ ಕ್ಷಮಾ ಬೇಡಾಕತ್ತಾಳ. ಇಂಥಾ ತಾಯಿ ಸಿಗಾಕ ಪುಣ್ಯಾ ಬೇಕೋ ಭೂಪಾಲ!"

ಭೂಪಾಲನ ಎದೆ ತುಂಬಿ ಬರುತ್ತಿತ್ತು.

ಬೀಗ ಬಿದ್ದ ಏಳನೆಯ ದಿನ, ಮುಂದಿನ ಊರಿಗೆ ಹೊರಟಿದ್ದ ಮುನಿಮಹಾರಾಜರು ಸುದ್ದಿ ಕೇಳಿ ಮನೆಗೆ ಬಂದರು. ಕೈಯಲ್ಲಿದ್ದ ನವಿಲುಗರಿಯ ಪಿಂಛಿಯನ್ನು ಅವಳ ಮುಖದ ಮುಂದೆ ಆಡಿಸಿದರು. ರೆಪ್ಪೆ ಅಲುಗಲಿಲ್ಲ.

"ಈಕಿಗೆ ವ್ರತ ಕೊಟ್ಟವರು ಯಾರು?"

"ತಾನ ಹಿಡಿದಾಳ್ರಿ, ಮಹಾರಾಜ."

"ಗುರು ಇಲ್ಲದೆ ಸಲ್ಲೇಖನವೇ? ಮೊದಲು ಡಾಕ್ಟರಿಗೆ ತೋರಿಸು."

ಮಿರಜದ ಡಾಕ್ಟರು ಅವಳ ಹಣೆಯ ಪಕ್ಕ ದಾರದಂತೆ ಉಬ್ಬಿದ್ದ ನರ ಒತ್ತಿದರು. ಅವಳು ಚೀರಿದಳು. ತಲೆಯ ರಕ್ತನಾಳಗಳಿಗೆ ಉರಿಯೂತ, ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಮಾತು ನಿಂತಿದೆ, ವಾರದ ಹಿಂದೆ ಬಂದಿದ್ದರೆ ಕಣ್ಣಾದರೂ ಉಳಿಯುತ್ತಿದ್ದವು ಎಂದರು. ಗುಳಿಗೆ ಶುರುವಾದವು. ಹಾಲು, ಗಂಜಿ ಹೊಟ್ಟೆಗೆ ಹೋಯಿತು.

ತಿಂಗಳು ಕಳೆದ ಮೇಲೆ ಮಾತು ಒಂದೊಂದಾಗಿ ಮರಳಿತು. ಭೂಪಾಲ ಅವಳ ಕಾಲು ಹಿಡಿದ. "ನಿನ್ನ ವ್ರತಾ ಮುರಿಸಿದೆ. ಕ್ಷಮಾ ಮಾಡವ್ವಾ."

"ಯಾವ ವ್ರತಾನೋ?" ಲಕ್ಷ್ಮಿಬಾಯಿ ದನಿ ಬಂದ ಕಡೆ ಮುಖ ತಿರುಗಿಸಿದಳು. "ದವಡಿ ನೋಯ್ತಿತ್ತು, ರೊಟ್ಟಿ ಅಗಿಯಾಕ ಆಗಲಿಲ್ಲ. ಬಾಯಾಗ ಮಾತ ಹೊರಡಲಿಲ್ಲ. ಬಂದವರಿಗೆಲ್ಲಾ ಕೈಮುಗದು ತುತ್ತ ಅನ್ನ ಬೇಡಿದೆ. ಕಡೀಕ ನಾನ ತೆವಳಕೋತ ಹೋಗಿ ಗಂಜಿ ಕುಡದೆ. ಅವತ್ತಿನ್ನಾ ಕಣ್ಣ ಕಾಣತಿದ್ದು."

ಅವ್ವ ಬದುಕಿದಳು. ಕಣ್ಣು ಬರಲಿಲ್ಲ.