ದಾನಿಗಳ ಪಟ್ಟಿ

ಬಾಣಂತಿಯೊಬ್ಬಳಿಗೆ ತುರ್ತಾಗಿ ಓ ನೆಗೆಟಿವ್ ರಕ್ತ ಬೇಕೆಂದು ತೀರ್ಥಹಳ್ಳಿಯ ಆಸ್ಪತ್ರೆಯಿಂದ ಫೋನ್ ಬಂದಾಗ, ರಕ್ತದಾನಿಗಳ ಸಂಘದ ಬಿಂದುವಿನ ಕಂಪ್ಯೂಟರಿನಲ್ಲಿ ಒಬ್ಬ ದಾನಿಯ ಹೆಸರೂ ಉಳಿದಿರಲಿಲ್ಲ. ಆ ಪ್ರೋಗ್ರಾಂ ಬರೆದಿದ್ದ ಕೃಷ್ಣಕುಮಾರ್ ಸಂಘ ಬಿಟ್ಟು ತಿಂಗಳಾಗಿತ್ತು. ಕರೆದ ಕೂಡಲೇ ಬಂದು, ಬಿಂದುವಿನ ಕುರ್ಚಿಯಲ್ಲಿ ಕೂತು, ಒಂದೇ ಒಂದು ಪದ ಟೈಪ್ ಮಾಡಿದ. ಪಟ್ಟಿ ಮರಳಿ ಬಂತು.

“ಬೆಳಿಗ್ಗೆ ಪ್ರೋಗ್ರಾಂನಿಂದ ನನ್ನ ಹೆಸ್ರು ತೆಗೆದ್ಯಲ್ಲ ಬಿಂದು, ಅದಕ್ಕೇ ಹೀಗಾಯ್ತು,” ಎಂದು ನಕ್ಕ. “ತೆಗೆದ ದಿನ ಎಲ್ಲಾ ಅಳಿಸಿಹೋಗೋ ಹಂಗೆ ಮೂರು ವರ್ಷದ ಹಿಂದೇನೇ ಬರ್ದಿಟ್ಟಿದ್ದೆ. ನನ್ನ ಬೆಲೆ ಗೊತ್ತಾಗ್ಲಿ ಅಂತ.”

ತನಗೆ ಕೆಲಸ ಕಲಿಸಿದವನ ಆ ನಗುವಿನಿಂದ ಮುಖ ತಿರುಗಿಸಿ, ಬಿಂದು ಪಟ್ಟಿಯಲ್ಲಿ ಓ ನೆಗೆಟಿವ್ ದಾನಿಗಳನ್ನು ಹುಡುಕಿದಳು. ಮೊದಲು ಸಿಕ್ಕ ಹೆಸರು, ಹುಂಚ ಊರಿನ ಕನ್ನಪ್ಪನಿಗೆ ಫೋನ್ ಹಚ್ಚಿದಳು. “ಇಲ್ಲೇ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿದ್ದೀನಿ ಮೇಡಂ, ಆಸ್ಪತ್ರೆಗೆ ಹೊರಟೆ,” ಎಂದ ಅವನು.

ಪಟ್ಟಿಯನ್ನೆಲ್ಲ ಪ್ರಿಂಟ್ ತೆಗೆದು, ಅವಳು ಕಂಪ್ಯೂಟರಿನ ವೈರ್ ಕಿತ್ತಳು.

“ನೀವು ಬರೆದಿದ್ದು ಯಾವುದೂ ನಮಗೆ ಬೇಡ ಸಾರ್. ಏಳಿ, ಅದು ನನ್ನ ಕುರ್ಚಿ.”