ಗೆದ್ದಲು ತಿಂದ ಪುಟ

ಪತ್ರಾಗಾರದ ಅಧಿಕಾರಿ ಎಂಜಲು ಹಚ್ಚಿದ ಬೆರಳಿನಿಂದ ಹಳೆಯ ಅನಾಥಾಲಯದ ದಾಖಲೆ ತಿರುವಿ, ಒಂದು ಪುಟವನ್ನು ಪರ್ರನೆ ಹರಿದು, ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸಿದರು. ಸತ್ತ ಮಕ್ಕಳ ಹೆಸರುಗಳು ನೆನೆದು ಮುದ್ದೆಯಾದವು. ತರಬೇತಿಗೆ ಬಂದಿದ್ದ ಇತಿಹಾಸದ ವಿದ್ಯಾರ್ಥಿನಿ ಪಕ್ಕದಲ್ಲೇ ನಿಂತು ಮುಖ ಸಿಂಡರಿಸಿದಳು.

“ಹಾಳಾದ ಪುಟಗಳ ಪಟ್ಟಿಯಲ್ಲಿ ‘ಗೆದ್ದಲು ತಿಂದಿದೆ’ ಅಂತ ಬರಿಯಮ್ಮ. ಆಮೇಲೆ ನಿನ್ನ ತರಬೇತಿ ಪತ್ರಕ್ಕೆ ಸಹಿ ಹಾಕ್ತೀನಿ.”

“ಸರ್, ಇಲ್ಲಿ ಗೆದ್ದಲೇ ಇಲ್ವಲ್ಲ?”

“ಹೋದ ವರ್ಷದೋರು ತುಟಿಪಿಟಕ್ ಅನ್ನದೆ ಬರೆದ್ರು. ನಿಂದೇನಮ್ಮ ಹೊಸ ರಾಗ?”

ಅವಳು ಪಟ್ಟಿಯನ್ನು ಹಿಂದಕ್ಕೆ ತಿರುವಿದಳು. ಗೆದ್ದಲು, ಗೆದ್ದಲು, ಗೆದ್ದಲು. ಪ್ರತಿ ವರ್ಷವೂ ಬೇರೆ ವಿದ್ಯಾರ್ಥಿಗಳ ದುಂಡನೆಯ ಅಕ್ಷರ. ಎಂಜಲಿಗಿಂತ ಆ ಅಕ್ಷರಗಳೇ ಅವಳಿಗೆ ಹೆಚ್ಚು ಹೇಸಿಗೆ ಹುಟ್ಟಿಸಿದವು.

ಪೆನ್ನು ತೆಗೆದು ಬರೆದಳು: “ಅಧಿಕಾರಿ ಹರಿದು ಚಹಾ ಒರೆಸಿದರು. ನಾನು ನೋಡಿದೆ.” ಕೆಳಗೆ ತಾನೇ ಸಹಿ ಹಾಕಿದಳು.